ಅಂಕಯ್ಯನ ಎಡೆ

"ಉಂಡ್ರೆ ಸತ್ತವ್ರೆ. ಮುಟ್ನಿಲ್ಲ ಅಂದ್ರೆ ಬದುಕವ್ರೆ. ಆಮ್ಯಾಕೆ ಯಾರೂ ಸೊಲ್ಲೆತ್ತಬಾರ್ದು ಕಣ್ ಮಾದಣ್ಣ."

ಕಡ್ಡಿ ಮುರಿದಂತೆ ಹೇಳಿ ಬೆಳ್ಳಮ್ಮ ನಡುಮನೆಯಲ್ಲಿ ಬಾಳೆಯೆಲೆ ಹಾಸಿದಳು.

ಗುತ್ತಲು ಊರಿನಲ್ಲಿ ಪಿತೃಪಕ್ಷದ ಎಡೆ ಇಡದ ಮನೆ ಅದೊಂದೇ. ಜರ್ಮನ್ ಯುದ್ಧದ ಕಾಲದಲ್ಲಿ ಅವಳ ಗಂಡ ಅಂಕಯ್ಯನೂ ಮಾದಯ್ಯನೂ ಬಸ್ರಾ ಕಡೆಯ ಸಣ್ಣದೊಂದು ಯುದ್ಧದ ಹಡಗಿನಲ್ಲಿ ಒಲೆಗೆ ಕಲ್ಲಿದ್ದಲು ಸುರಿಯಲು ಹೋಗಿದ್ದರು. ಹಡಗು ಮುಳುಗಿತು. ಮಾದಯ್ಯ ಬಂದ, ಅಂಕಯ್ಯ ಬರಲಿಲ್ಲ. ಬೆಳ್ಳಮ್ಮ ಬಳೆ ಒಡೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಊರ ಬಾಯಿಗೆ ಹೊಲಿಗೆ ಹಾಕುವವರಾರು? ಅಂದವರು ಅಂದೇ ಅಂದರು, ಅವಳು ಜಗ್ಗಲಿಲ್ಲ. ಈಗ ಮಗಳು ಹೊಂಬಾಳೆಗೆ ಮದ್ದೂರಿನಿಂದ ಗಂಡು ಬಂದಿತ್ತು. ಹಿರಿಯರಿಗೆ ಎಡೆ ಇಡದ ಮನೆಯ ಹೆಣ್ಣು ಬೇಡವೆಂದು ಆ ಕಡೆಯವರು ಪಟ್ಟು ಹಿಡಿದಿದ್ದರು.

ಮುದ್ದೆ, ಕೋಳಿಸಾರು, ವಡೆ, ಒಂದು ಕಟ್ಟು ಬೀಡಿ, ಹೊಸ ಪಂಚೆ. ಮಾದಯ್ಯನೇ ಬಾವಿಯಿಂದ ಸೇದಿ ತಂದು ಚೊಂಬನ್ನು ಕಂಠಮಟ್ಟ ತುಂಬಿಸಿಟ್ಟ. ಧೂಪ ಹಾಕಿ ಬಾಗಿಲೆಳೆದುಕೊಂಡು ಮೂವರೂ ಜಗಲಿಯಲ್ಲಿ ಕೂತರು.

ಹೊತ್ತು ಮುಳುಗುತ್ತಿತ್ತು. 'ಹಡಗಿನ ಜೊತೇಲೇ ಓದ ಕಣವ್ವ, ನರಳ್ನಿಲ್ಲ' ಎಂದು ಮಾದಯ್ಯ ಅಂದು ಬೆಳ್ಳಮ್ಮನಿಗೆ ಹೇಳಿದ್ದ. ಆದರೆ ಅಂಕಯ್ಯ ಅವನ ಜೊತೆ ಹಲಗೆ ಹಿಡಿದು ದಿನಗಟ್ಟಲೆ ತೇಲಿದ್ದ. ನಾಲಿಗೆ ಊದಿಕೊಂಡಿತ್ತು. 'ಒಂದ್ ಗುಟುಕು ನೀರು ಕೊಡ್ಲಾ ಮಾದ' ಎನ್ನುತ್ತಿದ್ದವನು ಕೊನೆಗೆ, 'ಅಗೋ, ನಮ್ಮೂರ ಕೆರೆ ಕಣ್ಲಾ' ಎಂದು ನಗುತ್ತಲೇ ಹಲಗೆ ಬಿಟ್ಟುಬಿಟ್ಟ. ಅದನ್ನು ಅವನ ಹೆಂಡತಿಗೆ ಹೇಗೆ ಹೇಳುವುದು?

ವಾಡಿಕೆಯಂತೆ ಮಾದಯ್ಯ ಕೆಮ್ಮಿ, ಬಾಗಿಲು ತಟ್ಟಿ, ತೆರೆದ. ಧೂಪದ ಹೊಗೆಯ ನಡುವೆ ತಣ್ಣನೆಯ ಉಪ್ಪಿನ ವಾಸನೆ ಮೂಗಿಗೆ ಬಡಿಯಿತು. ಅವನ ಕಾಲು ಹೊಸ್ತಿಲಲ್ಲೇ ನಿಂತಿತು.

ಬೆಳ್ಳಮ್ಮ ಅವನನ್ನು ದಾಟಿ ಒಳಗೆ ನುಗ್ಗಿದಳು. "ನೋಡ್ದಾ ಮಾದಣ್ಣ! ಮುದ್ದೆ ಮುರ್ದಿಲ್ಲ, ಬೀಡಿ ಮುಟ್ಟಿಲ್ಲ. ಬದುಕವ್ರೆ ಕಣಣ್ಣೋ!" ಅವಳ ಮುಖ ಮದುವಣಗಿತ್ತಿಯ ಮುಖದಂತೆ ಅರಳಿತ್ತು. ಹೊಂಬಾಳೆ ಅಳತೊಡಗಿದಳು.

ಎಲೆ ತೆಗೆಯಲೆಂದು ಬೆಳ್ಳಮ್ಮ ಚೊಂಬನ್ನು ಪಕ್ಕಕ್ಕಿಡಲು ಹೋದಳು. ಅದು ಹಗುರವಾಗಿ ಮೇಲೆದ್ದಿತು. ಬೋರಲು ಮಾಡಿದಳು. ಒಂದು ಹನಿಯೂ ಬೀಳಲಿಲ್ಲ. ಕೆಳಗೆ ಸಗಣಿ ಸಾರಿಸಿದ ನೆಲ ಒಣಗಿಯೇ ಇತ್ತು.

"ನೀನೇ ಅಲ್ವಾ ತುಂಬಿದ್ದು?"

"ಊಂ ಕಣವ್ವ."

ಅವಳು ಚೊಂಬಿನೊಳಗೇ ಬಹಳ ಹೊತ್ತು ನೋಡಿದಳು. "ಬಾಯಾರಿತ್ತಾ ಅವರ್ಗೆ?"

ಮಾದಯ್ಯನಿಗೆ ಈ ಸಲ ಸುಳ್ಳು ಬಾಯಿಗೆ ಬರಲಿಲ್ಲ. "ಬೋ ಬಾಯಾರಿತ್ತು ಕಣವ್ವ."

ಬೆಳ್ಳಮ್ಮ ಹಿತ್ತಿಲಿಗೆ ಹೋದಳು. ಬಾವಿಯ ಕಲ್ಲಿನ ಮೇಲೆ ಬಳೆ ಒಡೆದ ಸದ್ದಾಯಿತು. ಆಮೇಲೆ ರಾಟೆ ಕಿರುಗುಟ್ಟಿತು. ಬಳೆಯಿಲ್ಲದ ಕೈಗಳಲ್ಲಿ ತುಂಬಿದ ದೊಡ್ಡ ಕೊಡವನ್ನು ತಬ್ಬಿಕೊಂಡು ಬಂದು ಎಲೆಯ ಪಕ್ಕಕ್ಕಿಟ್ಟಳು. ಹೊರಗೆ ಬಂದು, ಸದ್ದಾಗದ ಹಾಗೆ ಬಾಗಿಲೆಳೆದುಕೊಂಡಳು.