ಪಾಸ್ತೋರಾ ಅಜ್ಜಿಯ ಕಂಬ

ನಮ್ಮ ಮಕ್ಕಳೇ ಅಳೆದ ಅಂಕಿಗಳನ್ನು ಆಧಾರ ಮಾಡಿಕೊಂಡು, ನಮ್ಮ ಕೇರಿಯ ಇನ್ನೂರ ಹತ್ತು ಮನೆಗಳು ಉಬ್ಬರಕ್ಕೆ ಮುಳುಗುತ್ತವೆ ಎಂದು ನಗರಾಡಳಿತ ಬರೆಯಿತು. ಮೂವತ್ತು ದಿನದೊಳಗೆ ಖಾಲಿ ಮಾಡಬೇಕೆಂಬ ನೋಟಿಸು ಬಾಗಿಲು ಬಾಗಿಲಿಗೂ ಅಂಟಿತು. ಪಕ್ಕದಲ್ಲೇ ಇದ್ದ, ಹಡಗು ನಿಲ್ಲುವ ಕಂಟೇನರ್ ಧಕ್ಕೆಗೆ ಇನ್ನಷ್ಟು ಜಾಗ ಬೇಕಿತ್ತು.

ಆ ಅಂಕಿಗಳು ಹುಟ್ಟಿದ್ದು ಮೀನಿನ ಐಸ್ ಶೆಡ್ಡಿನಲ್ಲಿ ನಾನು ನಡೆಸುವ ಶನಿವಾರದ ಕೂಟದಲ್ಲಿ. ನಮ್ಮ ಕಪ್ಪು ಜನಾಂಗದ ಮಕ್ಕಳಿಗೆ ಕಾಸು ಕೇಳದೆ ವಿಜ್ಞಾನ, ಕೋಡಿಂಗ್ ಕಲಿಸುವ ಜಾಗ ಈ ಬಂದರಿನಲ್ಲಿ ಅದೊಂದೇ. ಇಪ್ಪತ್ತಾರು ಮಕ್ಕಳು, ಮೂರು ಕಂಪ್ಯೂಟರು. ಹದಿನೈದರ ಯಾಜಾಯ್ರಾ ಅಲ್ಲಿ ಒಂದು ಪೆಟ್ಟಿಗೆ ಕಟ್ಟಿದಳು. ಅವಳ ಅಜ್ಜಿ ಪಾಸ್ತೋರಾಳ ಮನೆ ನಿಂತಿರುವುದು ನೀರಿನೊಳಗಿನ ಕಂಬಗಳ ಮೇಲೆ. ಅಂಥದೊಂದು ಕಂಬಕ್ಕೆ, ನೆಲಹಲಗೆಯ ಮಟ್ಟದಲ್ಲಿ, ಆ ಪೆಟ್ಟಿಗೆ ಜೋತುಬಿದ್ದು ಕೆಳಗಿನ ನೀರು ಎಷ್ಟು ದೂರದಲ್ಲಿದೆ ಎಂದು ಗಂಟೆಗೊಮ್ಮೆ ಬರೆದಿಡುತ್ತಿತ್ತು.

ಅಜ್ಜಿ ಅರವತ್ತು ವರ್ಷದಿಂದ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಕೆಸರಲ್ಲಿ ಚಿಪ್ಪು ಹೆಕ್ಕುವವಳು. ಪ್ರತಿ ದೊಡ್ಡ ಉಬ್ಬರಕ್ಕೂ ಅದೇ ಕಂಬದ ಮೇಲೆ ಕತ್ತಿಯಿಂದ ಗೀರು ಹಾಕುತ್ತಿದ್ದಳು. ಗೀರಿಗೂ ಪೆಟ್ಟಿಗೆಗೂ ಎರಡು ಬೆರಳು ವ್ಯತ್ಯಾಸ ಬಂದರೆ ಪೆಟ್ಟಿಗೆಯನ್ನೇ ಬೈಯುವಳು. ಎರಡು ಸಲ ಅವಳೇ ಸರಿ ಇದ್ದಳು.

ಹದಿನೆಂಟು ತಿಂಗಳ ಅಂಕಿಯನ್ನು ಹೆಮ್ಮೆಯಿಂದ ನಗರಾಡಳಿತ ನಡೆಸುವ ವಿಜ್ಞಾನ ಮೇಳಕ್ಕೆ ಕೊಟ್ಟೆವು. ಅಳತೆ ಮೇಲಿನಿಂದ ಕೆಳಕ್ಕೆ ಎಂದು ಮಾತ್ರ ಬರೆಯಲಿಲ್ಲ. ನಮ್ಮ ಕೇರಿಯಲ್ಲಿ ಪೆಟ್ಟಿಗೆ ಎಲ್ಲಿ ತೂಗುತ್ತಿದೆ ಎಂದು ಯಾರಿಗೆ ಗೊತ್ತಿಲ್ಲ? ನೀರು ಪೂರ್ತಿ ಇಳಿದು ಕೆಸರು ಕಂಡಾಗ ಪೆಟ್ಟಿಗೆ ನಾಲ್ಕು ಮೀಟರ್ ಎನ್ನುತ್ತದೆ. ನಗರಾಡಳಿತದವರು ಅದನ್ನು ನಾಲ್ಕು ಮೀಟರ್ ಏರಿದ ನೀರು ಎಂದು ಓದಿದರು. ನಿಜಕ್ಕೂ ನೀರು ಅಜ್ಜಿಯ ಹಲಗೆಗೆ ಎರಡು ಗೇಣಿಗಿಂತ ಹತ್ತಿರ ಬಂದದ್ದೇ ಇಲ್ಲ.

ನಾನು, ಯಾಜಾಯ್ರಾ, ಅಜ್ಜಿ ಮೂವರೂ ನಗರಾಡಳಿತದ ಕಚೇರಿಗೆ ಹೋದೆವು. ಅಜ್ಜಿ ಕೆಸರಿನ ಬೂಟಿನಲ್ಲೇ ಬಂದಳು. ಯಾಜಾಯ್ರಾ ಚಿತ್ರ ಬರೆದು ವಿವರಿಸಿದಳು. ಎಂಜಿನಿಯರ್ ಉರ್ದಿನೊಲಾ ಕಾಗದವನ್ನು ಎರಡು ಸಲ ನೋಡಿ ಪಕ್ಕಕ್ಕಿಟ್ಟರು. ಅವರಿಗೆ ಅರ್ಥವಾಗಿತ್ತು.

"ಇಳಿತದಲ್ಲಿ ಮುಳುಗೋ ಮನೆ ನಾನಂತೂ ಎಲ್ಲೂ ನೋಡಿಲ್ಲಪ್ಪ," ಎಂದಳು ಅಜ್ಜಿ, ಮೊಮ್ಮಗಳ ಕಡೆ ತಿರುಗಿ. "ಇವರಿಗೆ ಓದೋಕೆ ಬರುತ್ತೋ ಇಲ್ವೋ ಕೇಳೇ ಮಗಾ. ಬರದಿದ್ರೆ ನಿಮ್ಮ ಶೆಡ್ಡಲ್ಲಿ ಇವರಿಗೂ ಒಂದು ಜಾಗ ಕೊಡು."

ಉರ್ದಿನೊಲಾ ನಗಲಿಲ್ಲ. ಕಾಫಿ ತರಿಸಿದರು. ಆದೇಶ ಆಗಿಹೋಗಿದೆ, ಅದು ಬದಲಾಗದು, ಮಕ್ಕಳು ತಪ್ಪು ಮಾಡುವುದು ಸಹಜ ಎಂದರು. ಪೆಟ್ಟಿಗೆ ಕೆಟ್ಟಿತ್ತು ಎಂದು ಈ ಹುಡುಗಿ ಒಂದು ಸಹಿ ಹಾಕಿ ಅದನ್ನು ಕಂಬದಿಂದ ಇಳಿಸಿಬಿಟ್ಟರೆ, ಕಚೇರಿಯ ಮೇಲೆ ತಪ್ಪು ಬರುವುದಿಲ್ಲ, ಮುಂದಿನ ಅಳತೆ ಕಚೇರಿಯೇ ಮಾಡಿಕೊಳ್ಳುತ್ತದೆ. ನಮ್ಮ ಕೂಟಕ್ಕೆ ಹತ್ತು ಹೊಸ ಕಂಪ್ಯೂಟರು ಬರುತ್ತವೆ.

ಹತ್ತು. ಅವರು ನಮ್ಮತ್ತ ತಳ್ಳಿದ ಪೆನ್ನಿನ ಕಡೆ ನಾನು ನೋಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಯಾಜಾಯ್ರಾ ಪೆನ್ನನ್ನು ಎತ್ತಿ ಅವರ ಮುಂದೆಯೇ ಇಟ್ಟಳು. "ಪೆಟ್ಟಿಗೆ ಕೆಟ್ಟಿಲ್ಲ ಸಾಹೇಬ್ರೇ. ಓದಿದ್ದು ತಪ್ಪು. ಓದಿದವರು ಸಹಿ ಹಾಕ್ಲಿ."

"ಸಂಜೆಯೊಳಗೆ ಅದನ್ನ ಕಂಬದಿಂದ ಇಳಿಸಬೇಕು," ಎಂದರು ಅವರು.

"ಇಳಿಸಲ್ಲ," ಎಂದಳು ಯಾಜಾಯ್ರಾ.