ಕೆಂಪು ಚೌಕ

ಉಗುಳಿನಿಂದ ಒರೆಸಿದ ಸ್ಲೇಟಿನ ವಾಸನೆ ನಿಮಗೆ ಗೊತ್ತಿದ್ದರೆ ನೀವು ನನ್ನ ಕಾಲದವರು. ಒಂದನೇ ತರಗತಿಯಲ್ಲಿ ನಾವೆಲ್ಲ ಹಾಗೆಯೇ ಒರೆಸುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಕೋಣೆ ತುಂಬ ಹಳಸಲು ವಾಸನೆ ಹಬ್ಬುತ್ತಿತ್ತು. ಶಾಲೆಯಲ್ಲಿ ಅದಕ್ಕಿಂತ ಹೇಸಿಗೆಯದು ಇರಲಾರದು ಎಂದು ಅರವತ್ತು ವರ್ಷ ನಂಬಿಕೊಂಡಿದ್ದೆ.

ನಿವೃತ್ತಿಯಾಗಿ ಎಷ್ಟೋ ಕಾಲವಾದ ಮೇಲೆ, ಈ ವರ್ಷ ನನ್ನನ್ನು ಮತ್ತೆ ಪಾಠಕ್ಕೆ ಕರೆದರು. ಭಾಷೆಯ ಟೀಚರು ಹೆರಿಗೆ ರಜೆಯಲ್ಲಿದ್ದಳು. ಕರೆದವನು ಹೆಡ್‌ಮಾಸ್ತರ, ನನ್ನದೇ ಹಳೆಯ ವಿದ್ಯಾರ್ಥಿ. ಆರನೇ ತರಗತಿಯ ಕೋಣೆ ಆಸ್ಪತ್ರೆಯಷ್ಟು ಚೊಕ್ಕಟವಾಗಿತ್ತು. ಬೋರ್ಡಿನ ನೆತ್ತಿಯ ಮೇಲೆ ಒಂದು ಕ್ಯಾಮೆರಾ. ಪಕ್ಕದ ಗೋಡೆಯಲ್ಲಿ ದೊಡ್ಡ ಪರದೆ, ಅದರಲ್ಲಿ ಮಗುವಿಗೊಂದು ಚೌಕ. ಮುಖ ಬೋರ್ಡಿನ ಕಡೆಗಿದ್ದರೆ ಚೌಕ ಹಸಿರು. ಆಚೆ ತಿರುಗಿದರೆ ಕೆಂಪು.

“ಗಮನ ಅಳೆಯೋ ಯಂತ್ರ, ಟೀಚರ್. ಇನ್ನು ನೀವು ಗಂಟಲು ಹರ್ಕೊಳ್ಳೋದೇ ಬೇಡ,” ಎಂದ ಹೆಡ್‌ಮಾಸ್ತರ.

ನಿಜ ಹೇಳುತ್ತೇನೆ, ಮೊದಲ ವಾರ ನನಗೂ ಹಿತವಾಗಿಯೇ ಇತ್ತು. ಪಿಸುಮಾತಿಲ್ಲ, ಕಿಸಿಕಿಸಿ ನಗುವಿಲ್ಲ. ಎರಡನೇ ವಾರ ಮುಂದಿನ ಬೆಂಚಿನ ಗುಂಡಮ್ಮ ಕಣ್ಣು ತೆರೆದುಕೊಂಡೇ ನಿದ್ದೆ ಹೊಡೆಯುತ್ತಿರುವುದು ಗೊತ್ತಾಯಿತು.

“ಅದು ಹ್ಯಾಗೆ ಸಾಧ್ಯ ಮಾರಾಯ್ತಿ?”

“ಅಭ್ಯಾಸ ಟೀಚರ್. ಮೊದ್ಲು ಕಣ್ಣು ಉರಿಯುತ್ತೆ, ಆಮೇಲೆ ಆರಾಮು.”

ಇಡೀ ತರಗತಿಯಲ್ಲಿ ಅವಳ ಚೌಕದಷ್ಟು ಹಸಿರಾದದ್ದು ಇನ್ನೊಂದಿರಲಿಲ್ಲ.

ಎಲ್ಲಕ್ಕಿಂತ ಕೆಂಪು ಮೂರನೇ ಸಾಲಿನ ಹುಡುಗಿಯದು. ಮಕ್ಕಳು ಅವಳಿಗೆ ಕೆಂಪಿ ಎಂದೇ ಹೆಸರಿಟ್ಟಿದ್ದರು. “ಲೇ ಕೆಂಪಿ, ಗೋಡೆಗೆ ಬಣ್ಣ ಬಳಿಯೋ ಕೆಲ್ಸ ನಿನಗೇ ವಹಿಸಿದಾರಾ?” ಎಂದು ರೇಗಿಸುತ್ತಿದ್ದರು. ತಿಂಗಳ ಕೊನೆಗೂ ಚೌಕ ಕೆಂಪಾಗಿಯೇ ಇದ್ದರೆ ಅವಳನ್ನು ದಡ್ಡರ ವಿಭಾಗಕ್ಕೆ ದಬ್ಬುವುದು ಹೆಡ್‌ಮಾಸ್ತರನ ನಿಯಮ. ಅದಕ್ಕೆ ಇನ್ನು ಆರೇ ದಿನ ಉಳಿದಿತ್ತು. ಆದರೆ ಏನು ಕೇಳಿದರೂ ಸರಿಯಾಗಿ ಉತ್ತರಿಸುವವಳು ಅವಳೇ.

ಅವತ್ತು ಪದ್ಯ ಓದುವ ಮುಂಚೆ ಹಳೆಯ ರೂಢಿಯಂತೆ, “ಎಲ್ಲಾ ಕಿವಿಗೊಟ್ಟು ಕೇಳಿ,” ಎಂದೆ. ಎಲ್ಲರೂ ಕಣ್ಣು ಕೊಟ್ಟರು. ಅವಳೊಬ್ಬಳು ಕಿವಿ ಕೊಟ್ಟಳು. ಮುಖವನ್ನು ಎಡಗಡೆಯ ಕಿಟಕಿಗೆ ತಿರುಗಿಸಿ, ಬಲಗಿವಿಯನ್ನು ನನ್ನತ್ತ ಚಾಚಿ ಕೂತಳು. ಚೌಕ ಕೆಂಪಾಯಿತು.

ಗಂಟೆ ಹೊಡೆದ ಮೇಲೆ ಅವಳ ಎಡಕ್ಕೆ ನಿಂತು ಮೆಲ್ಲಗೆ ಕರೆದೆ. ಅವಳು ಬರೆಯುತ್ತಲೇ ಇದ್ದಳು. ಕಸ ಗುಡಿಸಲು ಬಂದ ಆಯಾ ಬಳಸಿಕೊಂಡು ಬಲಗಡೆಗೆ ಹೋಗಿ, ಭುಜ ಮುಟ್ಟಿ, “ಏಳು ಪುಟ್ಟಿ, ಬೆಂಚು ಒರೆಸ್ತೀನಿ,” ಎಂದಳು. ಹುಡುಗಿ ತಟ್ಟನೆ ಎದ್ದಳು.

“ಇವಳಿಗೆ ಎಡಗಿವಿ ಕೇಳ್ಸೋದಿಲ್ಲ ಅಂತ ನಿನಗೆ ಗೊತ್ತಿತ್ತಾ?” ಎಂದು ಆಯಾಳನ್ನು ಕೇಳಿದೆ.

“ಎರಡು ವರ್ಷದಿಂದ ಗೊತ್ತು ಅಮ್ಮಾ.”

“ಮತ್ತೆ ಯಾರಿಗೂ ಹೇಳ್ಲಿಲ್ವಲ್ಲ?”

“ಬೇಡ ಅಂದಿದ್ಲು.”

ಹುಡುಗಿ ನನ್ನ ಸೆರಗು ಹಿಡಿದುಕೊಂಡಳು. “ಟೀಚರ್, ದಮ್ಮಯ್ಯ, ಹೇಳ್ಬೇಡಿ. ಕೆಂಪಿ ಅಂದ್ರೆ ಅಂದ್ಕೊಳ್ಲಿ. ಕಿವುಡಿ ಅನ್ನೋದು ಬೇಡ.”

ಹೇಳದಿದ್ದರೆ ಅವಳು ತರಗತಿಯಿಂದ ಆಚೆ. ರಾತ್ರಿಯೆಲ್ಲ ಹೊರಳಾಡಲಿಲ್ಲ ನಾನು, ಅಷ್ಟೂ ಯೋಚಿಸಲಿಲ್ಲ. ಸಂಜೆಯೇ ಹೆಡ್‌ಮಾಸ್ತರನ ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. “ನಿನ್ನ ಹೊಟ್ಟೇಲೇ ಇರ್ಲಿ ಕಣಪ್ಪಾ,” ಎಂದೆ.

“ಅಯ್ಯೋ, ಅದನ್ನ ಹೇಳ್ಬೇಕಾ ಟೀಚರ್!” ಎಂದ.

ಮರುದಿನ ಬೆಳಿಗ್ಗೆ ಪರದೆಯ ಮೇಲೆ ಅವಳ ಚೌಕ ಬೂದುಬಣ್ಣಕ್ಕೆ ತಿರುಗಿತ್ತು. ಅದರ ಪಕ್ಕದಲ್ಲಿ ಅಂಗೈಯಗಲದ ಒಂದು ಕಿವಿಯ ಚಿತ್ರ. ಅದರ ಮೇಲೆ ಅಡ್ಡಗೀಟು.

ಹಿಂದಿನ ಬೆಂಚಿನಿಂದ ಯಾರೋ “ಕಿವುಡೀ” ಎಂದು ರಾಗ ಎಳೆದರು. ಹುಡುಗಿ ಪರದೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆಮೇಲೆ ಬ್ಯಾಗನ್ನೂ ಬಿಟ್ಟು ಹೊರಟುಹೋದಳು.

ಹೆಡ್‌ಮಾಸ್ತರ ಬಾಗಿಲಲ್ಲೇ ನಿಂತಿದ್ದ, ಮುಖ ಅರಳಿಸಿಕೊಂಡು. “ನೋಡಿ ಟೀಚರ್, ಇನ್ಮೇಲೆ ಅವಳಿಗೆ ಕೆಂಪು ಬರೋದೇ ಇಲ್ಲ. ಸಮಸ್ಯೆ ಮುಗೀತು.”

“ನಿನಗೆ ಹೇಸಿಗೆ ಆಗೋದಿಲ್ವೇನಪ್ಪಾ?”

“ಯಾವುದಕ್ಕೆ ಟೀಚರ್?”

ಅವನು ನಾಟಕವಾಡುತ್ತಿರಲಿಲ್ಲ. ನಿಜಕ್ಕೂ ತಿಳಿಯದೆ ಕೇಳಿದ್ದ. ಈ ಹುಡುಗನಿಗೆ ಅಕ್ಷರ ತಿದ್ದಿಸಿದ ಕೈ ನನ್ನದು. ನಿನ್ನೆ ಗುಟ್ಟು ಬಿಟ್ಟುಕೊಟ್ಟ ಬಾಯಿಯೂ ನನ್ನದೇ. ಅವನ ಮೇಲಿನ ಅಸಹ್ಯ ಎಲ್ಲಿ ಮುಗಿದು ನನ್ನ ಮೇಲಿನದು ಎಲ್ಲಿ ಶುರುವಾಯಿತೋ ಗೊತ್ತಾಗಲಿಲ್ಲ. ಗೋಡೆಯ ಹತ್ತಿರ ಹೋಗಿ ಪ್ಲಗ್ಗು ಕಿತ್ತೆ. ಪರದೆ ಕಪ್ಪಾಯಿತು. ಗುಂಡಮ್ಮ ಮೊದಲ ಸಲ ಕಣ್ಣು ಮುಚ್ಚಿ ಆಕಳಿಸಿದಳು.

“ಕಿವಿಗೆ ಹಾಕ್ಕೊಳ್ಳೋ ಬೆರಳ ತುದಿಯಷ್ಟು ಯಂತ್ರ ಸಿಗುತ್ತಲ್ಲೋ,” ಎಂದೆ. “ಗೋಡೆಯಗಲದ್ದನ್ನ ತರೋಕೆ ತೋಚ್ತು, ಅದನ್ನ ಕೊಡಿಸೋಕೆ ಯಾರಿಗೂ ತೋಚಲಿಲ್ಲ. ನಿನ್ನೆ ನನಗೂ ತೋಚಲಿಲ್ಲ.”

ಅವನು ನೆಲ ನೋಡುತ್ತ, “ನಾಳೆಯಿಂದ ನೀವು ಬರೋದು ಬೇಡ ಟೀಚರ್,” ಎಂದ. ದನಿಯಲ್ಲಿ ಮರ್ಯಾದೆಗೇನೂ ಕೊರತೆಯಿರಲಿಲ್ಲ.

ಹುಡುಗಿ ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಬಲಗಡೆಗೆ ಹೋಗಿ ಕೂತು, “ತಪ್ಪಾಯ್ತು ಮಗಳೇ,” ಎಂದೆ. ಅವಳು ಎದ್ದು, ನನ್ನನ್ನು ದಾಟಿ, ಇನ್ನೊಂದು ಪಕ್ಕಕ್ಕೆ ಬಂದು ಕೂತಳು. ಈಗ ಅವಳ ಎಡಗಿವಿ ನನ್ನ ಕಡೆಗಿತ್ತು.

ಊಟದ ಗಂಟೆ ಹೊಡೆಯಿತು. ಯಾರೂ ಹುಡುಕಿಕೊಂಡು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆಯಾ ಬಂದಳು. ಪೊರಕೆಯನ್ನು ಗೋಡೆಗೆ ಒರಗಿಸಿ, ನಲ್ಲಿಯಲ್ಲಿ ಕೈ ತೊಳೆದು, ಸೊಂಟಕ್ಕೆ ಒರೆಸಿಕೊಂಡಳು. ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು, ಹುಡುಗಿಯ ಮಡಿಲಲ್ಲಿ ಇಟ್ಟಳು.