ಹಾಡು ನಿಲ್ಲುವ ಜಾಗ

ಅನ್ನವ್ವನ ಮಗ್ಗಕ್ಕೂ ಇಸ್ಮಾಯಿಲಸಾಬರ ತಂಬೂರಿಗೂ ನಡುವೆ ಇದ್ದದ್ದು ಒಂದೇ ಒಂದು ಮಣ್ಣಿನ ಗೋಡೆ. ಗಜೇಂದ್ರಗಡದ ನೇಕಾರ ಓಣಿಯಲ್ಲಿ ಗೋಡೆ ಅಂದರೆ ಹೆಸರಿಗೆ ಮಾತ್ರ. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯವರು ಸೀನಬೇಕು. ಹಾಗಿರುವಾಗ ದೊಡ್ಡ ಗವಾಯಿಯೊಬ್ಬರು ದಿನಾ ಮುಂಜಾನೆ ಎದೆಬಿಚ್ಚಿ ರಿಯಾಜು ಮಾಡಿದರೆ ಪಕ್ಕದ ಮನೆಯ ಹೆಂಗಸು ಕಿವಿಗೆ ಹತ್ತಿ ತುರುಕಿಕೊಳ್ಳಬೇಕಿತ್ತೇ? ಹತ್ತಿ ಇದ್ದದ್ದು ನೂಲಿಗೆ, ಕಿವಿಗಲ್ಲ.

ಅನ್ನವ್ವ ಕೇಳಿದಳು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಕೇಳುತ್ತಲೇ ಇದ್ದಳು. ರಾಗದ ಹೆಸರು ಅವಳಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅದರ ನಡಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಸ್ವರ ಮೆಲ್ಲಗೆ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ, ತುದಿ ಮುಟ್ಟಿ ಥಟ್ಟನೆ ನಿಲ್ಲುತ್ತದೆ. ಆ ಮೌನದಲ್ಲಿ ‘ಟಕ್’ ಅಂತ ಒಂದೇ ಒಂದು ಸದ್ದು. ಆಮೇಲೆ ಸ್ವರ ತುಂಬಿಕೊಂಡು ಕೆಳಗಿಳಿಯುತ್ತದೆ. ಆ ನಿಲುಗಡೆ ರಾಗದ ಕಾಯ್ದೆ, ಆ ಟಕ್ ಸಾಬರು ಹಾಕುವ ತಾಳ ಎಂದು ಅನ್ನವ್ವ ಖಾತ್ರಿ ಮಾಡಿಕೊಂಡಿದ್ದಳು.

ಕೇಳುವ ಧೈರ್ಯ ಯಾರಿಗಿತ್ತು? ಸಾಬರ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ನಾಟಕದ ನಾಯಕಿಗೆ ಎರಡು ಹಾಡು ಕಲಿಸಿ ಎಂದು ಬಂದವನನ್ನು, “ನನ್ನ ವಿದ್ಯಾ ನಿನ್ನ ಟೆಂಟಿನ ಗೂಟಕ್ಕ ಕಟ್ಟೂ ಎಮ್ಮಿ ಅಲ್ಲ, ನಡಿ” ಎಂದು ಹೊಸ್ತಿಲು ದಾಟಿಸಿದ್ದರು. ಆ ಮಾತೂ ಗೋಡೆ ದಾಟಿ ಬಂದಿತ್ತು.

ಹಾಗೆ ಹೊರಬಿದ್ದವನು ಚಂದ್ರಶೇಖರಪ್ಪ, ನಾಟಕ ಕಂಪನಿಯ ಮಾಲೀಕ. ಕನ್ನಡ ನಾಡೆಲ್ಲ ಒಂದಾದ ಮರುವರ್ಷ ಅದು. ಊರ ಹೊರಗೆ ಟೆಂಟು ಹಾಕಿದ್ದ, ಖುರ್ಚಿ ಎಲ್ಲ ಖಾಲಿ. ರೋಣದಲ್ಲಿ ಬೀಡುಬಿಟ್ಟಿದ್ದ ಇನ್ನೊಂದು ಕಂಪನಿಯ ಹಾಡನ್ನು ಚಕ್ಕಡಿ ಹೊಡೆಯುವವರೂ ಹಾಡುತ್ತಿದ್ದರು. ಇವನ ಹಾಡು ಇವನ ಅಡುಗೆಯವನ ಬಾಯಲ್ಲೂ ಇರಲಿಲ್ಲ. ಸಂತೆಯ ದಿನದ ಹಗಲಾಟವೂ ಬಿದ್ದರೆ ಗಂಟುಮೂಟೆ ಕಟ್ಟುವುದೇ ಎಂದುಕೊಂಡಿದ್ದಾಗ ಮದುವೆಮನೆಯೊಂದರಲ್ಲಿ ಹೆಂಗಸರು ಹಾಡುವುದು ಅವನ ಕಿವಿಗೆ ಬಿತ್ತು. ಆ ಹಾಡು ಕಟ್ಟಿದವಳು ಯಾರೆಂದು ಹುಡುಕಿಕೊಂಡು ಅನ್ನವ್ವನ ಮಗ್ಗದ ಮುಂದೆ ಬಂದು ನಿಂತ.

“ಕಟ್ಟಿ ಕೊಡತೀನ್ರಿ,” ಎಂದಳು ಅನ್ನವ್ವ. “ಆದ್ರ ಎರಡು ಮಾತು. ನಾ ಕಟ್ಟಿದಂಗ ಹಾಡಬೇಕು. ಹಾಡಾದ ಮ್ಯಾಲ ಸ್ಟೇಜಿನಿಂದ ನನ್ನ ಹೆಸರು ಕೂಗಬೇಕು. ಇಷ್ಟು ವರ್ಷ ನಾ ಕಟ್ಟಿದ ಹಾಡೆಲ್ಲಾ ‘ಯಾರೋ ಕಟ್ಯಾರ’ ಅಂತ ಊರೂರು ಅಡ್ಡಾಡಿದ್ವು. ಸಾಕಾಗೇತಿ ನನಗ.”

ಹೂಂ ಎಂದ ಚಂದ್ರಶೇಖರಪ್ಪ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಎರಡೇ ದಿನದಲ್ಲಿ ಹಾಡು ಸಿದ್ಧವಾಯಿತು. ಗುಡ್ಡ ಹತ್ತುವ ಬಂಡಿಯಲ್ಲಿ ಕೂತ ಹೊಸ ಮದುವಣಗಿತ್ತಿಯ ಹಾಡು:

ಗುಡ್ಡ ಏರಿದ ಮ್ಯಾಲ ಬಂಡಿ ನಿಲ್ಲಿಸೊ ಮಾವ,
ಉಸುರ ಬಿಡಲಿ ಎತ್ತು, ನಾ ನಿನ್ನ ನೋಡತೀನಿ.

‘ಗುಡ್ಡ ಏರಿದ ಮ್ಯಾಲ’ ಅನ್ನುವಾಗ ಸ್ವರವೂ ಗುಡ್ಡ ಹತ್ತುತ್ತಿತ್ತು. ‘ಬಂಡಿ ನಿಲ್ಲಿಸೊ’ ಅಂದ ಕೂಡಲೇ ಎಲ್ಲ ನಿಂತುಬಿಡಬೇಕು. ಹಾರ್ಮೋನಿಯಂ ಇಲ್ಲ, ಹಾಡು ಇಲ್ಲ. ತಬಲಾದ ಅಂಚಿನ ಮೇಲೆ ಒಂದು ಟಕ್. ಆಮೇಲೆ ‘ಮಾವ’.

ಕಂಪನಿಯ ಹಾರ್ಮೋನಿಯಂ ಮಾಸ್ತರ ದ್ಯಾವಪ್ಪ ಹಣೆ ಹಣೆ ಬಡಿದುಕೊಂಡ. “ಎಲ್ಲಿ ಬಿಟ್ಟು ಎಲ್ಲಿ ಹಿಡೀತೀ ಬೇ? ಹಾಡಿನ ನಡುವ ಬಾಯಿ ಮುಚ್ಚಿದ್ರ, ನಾಯಕಿ ಮಾತು ಮರೆತಳು ಅಂತ ಜನ ಸಿಳ್ಳು ಹೊಡೀತಾರ. ನಾ ಪೆಟಗಿ ಬಾರಿಸಿ ತುಂಬತೀನಿ.”

“ತುಂಬಿದ್ರ ನಿಮ್ಮ ಹಾಡು ಆಗತೈತ್ರಿ, ನನ್ನದಲ್ಲ. ಅಲ್ಲಿ ನಿಲ್ಲಬೇಕು. ದೊಡ್ಡವರೇ ನಿಲ್ಲತಾರ.”

“ಯಾವ ದೊಡ್ಡವರು?”

ಅನ್ನವ್ವ ನಾಲಿಗೆ ಕಚ್ಚಿಕೊಂಡಳು. ದ್ಯಾವಪ್ಪ ಬಿಡಲಿಲ್ಲ. “ಮಾತು ಬೀಸೂ ಕಲ್ಲಿನವು, ರಾಗ ಕಚೇರಿದು. ಹತ್ತಿ ಮೈಗೆ ರೇಶ್ಮಿ ಸೆರಗ ಹಚ್ಚೀದಿಯಲ್ಲ!”

“ನಾವು ನೇಯೂ ಸೀರಿ ಎಲ್ಲಾ ಹಂಗ ಇರತಾವ್ರಿ. ನಿಮ್ಮ ಹೆಂಡತಿ ಸೆರಗ ಕತ್ತರಿಸಿ ಉಟ್ಟಾಳೇನು?”

ದ್ಯಾವಪ್ಪ ಪೆಟ್ಟಿಗೆ ಎಳೆದುಕೊಂಡು ತಾಲೀಮಿಗೆ ಕೂತ.

ಸಂತೆಯ ದಿನ ಬಂತು. ಪುರ್ತಗೇರಿ ಕಡೆಯ ಬಂಡಿಗಳೂ ಟೆಂಟಿನ ಮುಂದೆ ಎತ್ತಿನ ಕೊಳ್ಳು ಹರಿದು ನಿಂತವು. ಪರದೆಯ ಸಂದಿನಿಂದ ಇಣುಕಿದ ಅನ್ನವ್ವ ಥಟ್ಟನೆ ಹಿಂದೆ ಸರಿದಳು. ಮುಂದಿನ ಸಾಲಿನಲ್ಲೇ ಇಸ್ಮಾಯಿಲಸಾಬರು ಕೂತಿದ್ದಾರೆ, ಮುಖ ಗಂಟಿಕ್ಕಿಕೊಂಡು. ಪಕ್ಕದಲ್ಲಿ ಅವರ ಹೆಂಡತಿ ಬೀಬಿಜಾನ, ಜಾತ್ರೆಗೆ ಬಂದ ಹುಡುಗಿಯಂತೆ ಹಿಗ್ಗಿ ಹೀರೇಕಾಯಿಯಾಗಿದ್ದಾಳೆ. ಅನ್ನವ್ವನ ಹಾಡು ಐತಂತ, ನಡೀರಿ ಎಂದು ಗಂಡನನ್ನು ಎಳೆದು ತಂದವಳು ಅವಳೇ. ರೊಟ್ಟಿ ಸಾರು ಗೋಡೆಯ ಮೇಲಿಂದ ಕೊಟ್ಟು ಕೊಂಡ ಗೆಳತಿ ತಾನೇ!

ಆ ನಿಲುಗಡೆ ಕೇಳಿದರೆ ಸಾಬರಿಗೆ ಗೊತ್ತಾಗದೇ ಇರುತ್ತದೆಯೇ? ತುಂಬಿದ ಟೆಂಟಿನಲ್ಲಿ ಎದ್ದು ನಿಂತು ‘ಕಳ್ಳಿ’ ಅಂದರೆ? ಹಾಡೂ ಹೋಯಿತು, ಹೆಸರೂ ಹೋಯಿತು. ಅವಳು ದ್ಯಾವಪ್ಪನ ಕಡೆ ಓಡಿದಳು. “ಮಾಸ್ತರ, ಆ ಜಾಗ ತುಂಬಿಬಿಡ್ರಿ!”

“ಈಗ ಬುದ್ಧಿ ಬಂತಲ್ಲ,” ಎಂದು ದ್ಯಾವಪ್ಪ ಕೈ ಉಜ್ಜಿಕೊಂಡ. ಆ ಖುಷಿ ಕಂಡು ಅನ್ನವ್ವನಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ತಲೆಬಾಗಿ ಕೇಳಿದ ವಿದ್ಯೆಯನ್ನು, ಬೈಸಿಕೊಳ್ಳಬಾರದು ಅಂತ ಈ ಮನುಷ್ಯನ ಪೆಟ್ಟಿಗೆಯೊಳಗೆ ಹೂಳಬೇಕೇ? ಥೂ ಅಂದುಕೊಂಡಳು.

“ಬ್ಯಾಡ್ರಿ,” ಎಂದಳು. “ಹ್ಯಾಂಗ ಐತೋ ಹಂಗ ಹಾಡ್ರಿ. ಬೈದ್ರ ನನಗ ಬೈಲಿ.”

ನಾಯಕಿ ಬದರುನ್ನಿಸಾ ರಂಗಕ್ಕೆ ಬಂದಳು. ಸ್ವರ ಗುಡ್ಡ ಹತ್ತಿತು. ಟೆಂಟು ಕತ್ತೆತ್ತಿ ಅದರ ಹಿಂದೆಯೇ ಹತ್ತಿತು. ‘ಬಂಡಿ ನಿಲ್ಲಿಸೊ’ ಎಂದಳು, ನಿಂತಳು. ಕಡಲೆ ಜಗಿಯುತ್ತಿದ್ದವರ ದವಡೆಗಳೂ ನಿಂತವು. ತಬಲಾ ಟಕ್ ಎಂದಿತು. ಅದೇ ಕ್ಷಣಕ್ಕೆ ಮುಂದಿನ ಸಾಲಿನಿಂದ ಇನ್ನೊಂದು ಟಕ್!

‘ಮಾವ’ ಎಂದು ಸ್ವರ ಇಳಿದದ್ದೇ ತಡ, ಟೆಂಟು ಹಾರಿಹೋಗುವ ಹಾಗೆ ಚಪ್ಪಾಳೆ. ರುಮಾಲು ಮೇಲೆ ಹಾರಿದವು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಜನ ಬೊಬ್ಬೆ ಹೊಡೆದರು. ಆ ಗದ್ದಲದ ನಡುವೆ ಇಸ್ಮಾಯಿಲಸಾಬರು ಎದ್ದು ಸೀದಾ ರಂಗದ ಮೇಲೆ ಹತ್ತಿದರು.

“ಯಾರು ಕಟ್ಟಿದ್ದು ಇದು?”

ಗದ್ದಲ ಅಡಗಿತು. ಚಂದ್ರಶೇಖರಪ್ಪ ದ್ಯಾವಪ್ಪನ ಹಿಂದೆ ಸರಿದ. ಅನ್ನವ್ವ ಸೆರಗು ಬಿಗಿದುಕೊಂಡು ಹೊರಗೆ ಬಂದಳು.

“ನಾನ್ರಿ. ಗ್ವಾಡಿ ಆಚಿಂದ ಕೇಳಿ ಕೇಳಿ ಕಟ್ಟೀನಿ. ಕಳವು ಅಂದ್ರ ಕಳವು, ಅನ್ರಿ.”

“ರಾಗ ಗಾಳ್ಯಾಗಿಂದು, ಅದನ್ನ ಯಾರ ಕದೀತಾರ? ನಾ ಕೇಳೂದು ಬ್ಯಾರೆ. ತುದಿಗೆ ಹೋಗಿ ಯಾಕ ನಿಲ್ಲಿಸಿದಿ? ಆ ಟಕ್ ಏನು?”

“ನೀವು ನಿಲ್ಲಸತೀರಲ್ರಿ ದಿನಾ? ಟಕ್ ಅಂತ ತಾಳ ಹಾಕತೀರಲ್ರಿ? ರಾಗದ ಕಾಯ್ದೆ ಅಂತ ತಿಳದೆ.”

ಸಾಬರು ಅವಳ ಮುಂದೆ ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಸಣ್ಣ ಹಿತ್ತಾಳೆ ಡಬ್ಬಿ. ಮುಚ್ಚಳ ಒತ್ತಿದರು: ಟಕ್.

“ಕಾಯ್ದೆ ಅಲ್ಲವ್ವ ತಾಯಿ. ತಪಕೀರ! ಮೂಗಿಗೆ ಒಂದು ಚಿಟಿಕಿ ಏರಿಸದಿದ್ರ ನನಗ ಮುಂದ ಹೋಗಾಕ ಆಗೂದಿಲ್ಲ!”

ಮೊದಲು ನಕ್ಕವಳು ಬೀಬಿಜಾನ. ಆಮೇಲೆ ಇಡೀ ಟೆಂಟು ಬಿದ್ದು ಬಿದ್ದು ನಕ್ಕಿತು. ಅನ್ನವ್ವನ ಮುಖ ಕೆಂಪಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಸಾಬರು ನಗಲಿಲ್ಲ, ಕೈ ಎತ್ತಿ ಜನರನ್ನು ಸುಮ್ಮನಾಗಿಸಿದರು.

“ನಗಬ್ಯಾಡ್ರಿ. ಆ ಜಾಗಾ ನನ್ನ ಚಟದ್ದು. ಅದಕ್ಕ ನನಗ ನಾಚಿಕಿ ಆಗತಿತ್ತು. ಈಕಿ ಅದರಾಗ ಬಂಡಿ ನಿಲ್ಲಿಸಿದಳು, ಎತ್ತಿಗೆ ಉಸುರು ಕೊಟ್ಟಳು. ನಾ ಇಡೀ ಜನ್ಮ ಹಾಡಿದ್ರೂ ಅಲ್ಲಿ ಇಂಥಾದ್ದೊಂದು ಐತಿ ಅಂತ ಗೊತ್ತಾಗಿದ್ದಿಲ್ಲ. ಇವತ್ತಿನಿಂದ ಅದು ಕಾಯ್ದೆ!” ಎಂದು ದನಿ ಏರಿಸಿದರು. “ಹಾಡು ಕಟ್ಟಿದಾಕಿ ಅನ್ನವ್ವ! ಗಜೇಂದ್ರಗಡದ ಅನ್ನವ್ವ! ಮಾಸ್ತರ, ಷಡ್ಜ ಹಿಡೀರಿ. ಇನ್ನೊಮ್ಮೆ ನಾ ಹಾಡತೀನಿ.”

ಟೆಂಟಿನ ಗೂಟಕ್ಕೆ ವಿದ್ಯೆ ಕಟ್ಟುವುದಿಲ್ಲ ಎಂದಿದ್ದ ಆ ಗಂಟಲು ನೇಕಾರಗಿತ್ತಿಯ ಮಾತು ಹೊತ್ತು ಗುಡ್ಡ ಹತ್ತಿತು. ತುದಿ ಮುಟ್ಟಿ ನಿಂತಾಗ ಟೆಂಟಿನ ಜನವೆಲ್ಲ ಒಂದೇ ಸಲ ನಾಲಿಗೆಯಲ್ಲಿ ‘ಟಕ್’ ಎಂದರು. ಅನ್ನವ್ವನ ಕಣ್ಣಿಂದ ನೀರು ದಳದಳ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ, ಯಾಕೆ ಒರೆಸಬೇಕು?

ಮುಂದಿನ ಸಂತೆಯ ಹೊತ್ತಿಗೆ ರೋಣದ ಚಕ್ಕಡಿಯವರು ತಮ್ಮ ಹಾಡು ಮರೆತು ಬಂಡಿ ನಿಲ್ಲಿಸತೊಡಗಿದ್ದರು. ನರಗುಂದದವರಂತೂ ಕಂಪನಿಯನ್ನು ಬಾರೋ ಬಾರೋ ಎಂದು ಕರೆದರು. ಯಾರು ಕಟ್ಟಿದ್ದೆಂದು ಕೇಳಿದರೆ ಎಲ್ಲರ ಬಾಯಲ್ಲೂ ಹೆಸರು ಸಿದ್ಧ.

ಅದೆಲ್ಲ ಆಮೇಲೆ. ಆಟದ ಮರುದಿನ ಮುಂಜಾನೆ ಅನ್ನವ್ವ ಎಂದಿನಂತೆ ಮಗ್ಗಕ್ಕೆ ಕೂತಳು. ಗೋಡೆಯಾಚೆ ತಂಬೂರಿ ಮಿಡಿಯಿತು. ಸ್ವರ ಏರಿತು, ತುದಿ ಮುಟ್ಟಿತು, ನಿಂತಿತು. ಡಬ್ಬಿಯ ಸದ್ದು ಬರಲಿಲ್ಲ. ಅನ್ನವ್ವ ಉಸಿರು ಹಿಡಿದು ಕಾದಳು. ಆಚೆ ಸಾಬರೂ ಕಾಯುತ್ತಿದ್ದರು.

ಅವಳಿಗೆ ತಿಳಿಯಿತು. ಲಾಳಿ ಹೊಡೆದಳು: ಟಕ್.

ಸ್ವರ ತುಂಬಿಕೊಂಡು ಕೆಳಗಿಳಿಯಿತು.